ಫ್ಯಾಂಟಸಿ ಕಥೆಗೊಂದು ನಗರ ಕಟ್ಟುವುದು ಹೇಗೆ: ನೀರಿನಿಂದ ನಕ್ಷೆಯವರೆಗೆ

ಫ್ಯಾಂಟಸಿ ಬರೆಯಲು ಹೊರಟ ಹೊಸಬರ ಹಸ್ತಪ್ರತಿಗಳಲ್ಲಿ ಒಂದೇ ನಗರ ಮತ್ತೆ ಮತ್ತೆ ಎದುರಾಗುತ್ತದೆ. ಬೆಟ್ಟದ ಮೇಲೆ ಅರಮನೆ, ಕೆಳಗೆ ಗಿಜಿಗುಡುವ ಮಾರುಕಟ್ಟೆ, ಒಂದು ಕತ್ತಲೆ ಓಣಿ, ಒಂದು ಛತ್ರ. ಹೆಸರು ಮಾತ್ರ ಬೇರೆ ಬೇರೆ. ನಾಯಕ ಯಾವ ಬಾಗಿಲಿಂದ ಒಳಗೆ ಬಂದರೂ ಅರಮನೆ ಸಿಗುತ್ತದೆ. ಹಸಿವಾದಾಗ ಊಟ ಸಿಗುತ್ತದೆ. ಓಡಬೇಕಾದಾಗ ಓಣಿ ಸಿಗುತ್ತದೆ. ಮೂರನೇ ಅಧ್ಯಾಯದ ಹೊತ್ತಿಗೆ ಓದುಗರು ಆ ಊರನ್ನು ಮರೆತೇ ಬಿಟ್ಟಿರುತ್ತಾರೆ.

ಬರೆಯುವವರಿಗೆ ಕಲ್ಪನೆ ಸಾಲದು ಎಂದು ನನಗೆ ಅನ್ನಿಸುವುದಿಲ್ಲ. ಅವರು ಕೆಲಸವನ್ನು ತಿರುವುಮುರುವಾಗಿ ಮಾಡುತ್ತಿದ್ದಾರೆ. ನಕ್ಷೆ, ಹೆಸರು, ಅರಮನೆ, ರಾಜವಂಶ ಮೊದಲು ಬರುತ್ತವೆ. ನೀರು, ಅಕ್ಕಿ, ತೆರಿಗೆ, ಜಗಳ ಆಮೇಲೆ ಬರುತ್ತವೆ, ಎಷ್ಟೋ ಸಲ ಬರುವುದೇ ಇಲ್ಲ. ಈ ಕ್ರಮವನ್ನು ತಿರುಗಿಸಿದರೆ ಅರ್ಧ ಸಮಸ್ಯೆ ತಾನಾಗಿ ಬಗೆಹರಿಯುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ, ಹಾರಿಸಬೇಡಿ.

ವಿವರಿಸಲು ಅನುಕೂಲ ಆಗಲಿ ಎಂದು ಒಂದು ಕಾಲ್ಪನಿಕ ಊರನ್ನು ಜೊತೆಯಲ್ಲೇ ಕಟ್ಟುತ್ತಾ ಹೋಗುತ್ತೇನೆ. ಅದನ್ನು ಉಪ್ಪುಗಡವು ಎಂದು ಕರೆಯೋಣ.

## ಬೇಕಾಗುವ ಸಾಮಾನು

ಒಂದು ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಕೆಲವು ಗ್ರಾಫ್ ಹಾಳೆ. ಲೆಕ್ಕಕ್ಕೆ ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಸದ್ಯಕ್ಕೆ ತೆರೆಯಬೇಡಿ. ಅದು ಚಂದದ ಗೆರೆ ಎಳೆದು ಕೊಡುತ್ತದೆ. ಗೆರೆ ಚಂದ ಆದಷ್ಟೂ ಅದನ್ನು ಅಳಿಸಲು ಮನಸ್ಸು ಬರುವುದಿಲ್ಲ.

ಇನ್ನೊಂದು ಸಾಮಾನು ಅಂದರೆ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ನಿಜವಾದ ಹಳೆಯ ಊರು. ನಿಮ್ಮ ತಾಲ್ಲೂಕು ಕೇಂದ್ರವೇ ಆಗಬಹುದು. ಅದರ ಹಳೆಯ ಭಾಗದಲ್ಲಿ ಒಂದು ಬೆಳಿಗ್ಗೆ ನಡೆದು ಬನ್ನಿ. ಬಾವಿ ಎಲ್ಲಿದೆ, ಸಂತೆ ಎಲ್ಲಿ ನಡೆಯುತ್ತದೆ, ಯಾವ ಕೇರಿ ಊರಿನ ಅಂಚಿನಲ್ಲಿದೆ ಎಂದು ಬರೆದುಕೊಳ್ಳಿ. ಗ್ರಂಥಾಲಯದಲ್ಲಿ ಜಿಲ್ಲಾ ಗ್ಯಾಸೆಟಿಯರ್ (ಜಿಲ್ಲೆಯ ವಿವರಗಳ ಸರ್ಕಾರಿ ಪುಸ್ತಕ) ಸಿಕ್ಕರೆ ಬೆಳೆ, ಸಂತೆ, ಅಳತೆಗಳ ಅಧ್ಯಾಯ ಓದಿ.

## ಹಂತ 1: ಜನ ಇಲ್ಲೇ ಯಾಕೆ ನಿಂತರು?

ಒಂದೇ ವಾಕ್ಯದಲ್ಲಿ ಉತ್ತರ ಬರೆಯಿರಿ. "ರಾಜ ಕಟ್ಟಿಸಿದ" ಎಂಬುದು ಉತ್ತರ ಆಗುವುದಿಲ್ಲ. ರಾಜ ಎಲ್ಲಿ ಬೇಕಾದರೂ ಕಟ್ಟಿಸಬಹುದು, ಆದರೆ ಕಾರಣ ಇಲ್ಲದ ಕಡೆ ಜನ ನಿಲ್ಲುವುದಿಲ್ಲ.

ಒಳ್ಳೆಯ ಕಾರಣಗಳು ಸಾಮಾನ್ಯವಾಗಿ ಸಾಗಾಟಕ್ಕೆ ಸಂಬಂಧಪಟ್ಟಿರುತ್ತವೆ. ಹಿಂದೆ ಹೊನ್ನಾವರದಿಂದ ಶರಾವತಿಯಲ್ಲಿ ಸರಕಿನ ದೋಣಿ ಗೇರುಸೊಪ್ಪೆಯವರೆಗೆ ಬರುತ್ತಿತ್ತು. ಅಲ್ಲಿಂದ ಮುಂದೆ ಘಟ್ಟ. ಅಂದರೆ ದೋಣಿಯ ಸರಕು ಎತ್ತಿನ ಬೆನ್ನಿಗೆ ಏರಬೇಕಾಗಿದ್ದ ಜಾಗ ಅದು. ಹೊರೆ ಇಳಿಸಿ ಏರಿಸುವ ಕಡೆ ಕೂಲಿಗಳು ಬೇಕು, ಗೋದಾಮು ಬೇಕು, ಸುಂಕದವನು ಬೇಕು, ರಾತ್ರಿ ತಂಗಲು ಜಾಗ ಬೇಕು. ಊರು ಬೆಳೆಯಲು ಇಷ್ಟು ಸಾಕು. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಊರು ಅದೇ ಗೇರುಸೊಪ್ಪೆ.

ನಮ್ಮ ಉಪ್ಪುಗಡವಿನ ಕಾರಣವೂ ಇಂಥದ್ದೇ: "ಕರಾವಳಿಯ ಉಪ್ಪು ದೋಣಿಯಲ್ಲಿ ಇಲ್ಲಿಯವರೆಗೆ ಬರುತ್ತದೆ, ಮುಂದೆ ಹೊಳೆಯಲ್ಲಿ ಬಂಡೆಗಳಿವೆ, ಹಾಗಾಗಿ ಇಲ್ಲಿಂದ ಎತ್ತಿನ ಮೇಲೆ ಘಟ್ಟ ಹತ್ತಬೇಕು."

ಬರೆದಾದ ಮೇಲೆ ಒಂದು ಪರೀಕ್ಷೆ ಮಾಡಿ. ಆ ಕಾರಣವನ್ನು ತೆಗೆದುಹಾಕಿ. ಬಂಡೆ ಒಡೆದು ದೋಣಿ ಮುಂದೆ ಹೋಗುವಂತಾದರೆ ಊರು ಸಾಯಬೇಕು. ಸಾಯದಿದ್ದರೆ ಕಾರಣ ಗಟ್ಟಿಯಾಗಿಲ್ಲ, ಬೇರೆ ಹುಡುಕಿ.

## ಹಂತ 2: ನೀರು ಎಲ್ಲಿಂದ ಬರುತ್ತದೆ, ಯಾರ ಕೈ ದಾಟಿ ಬರುತ್ತದೆ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಬೆಟ್ಟದ ತುದಿಯ ಕೋಟೆಯಲ್ಲಿ ಹತ್ತು ಸಾವಿರ ಜನ ಇರುತ್ತಾರೆ, ಒಂದು ಬಾವಿಯೂ ಇರುವುದಿಲ್ಲ!

ಕುಡಿಯಲು, ಅಡುಗೆಗೆ, ಕೈಕಾಲು ತೊಳೆಯಲು ತಲೆಗೆ ದಿನಕ್ಕೆ 15 ಲೀಟರ್ ಎಂದು ಬಿಗಿಯಾಗಿ ಹಿಡಿಯಿರಿ. 20,000 ಜನರ ಊರಿಗೆ ದಿನಕ್ಕೆ ಮೂರು ಲಕ್ಷ ಲೀಟರ್ ಆಯಿತು. ದನಕರು, ಬಟ್ಟೆ, ಬಣ್ಣ ಹಾಕುವವರು, ಕುಂಬಾರರು ಬೇರೆ. ಈ ಸಂಖ್ಯೆ ಕಥೆಯಲ್ಲಿ ಬರಬೇಕಾಗಿಲ್ಲ. ಅದು ನಿಮ್ಮ ತಲೆಯಲ್ಲಿದ್ದರೆ ಊರಿನ ನಡುವೆ ಸುಮ್ನೆ ಒಂದು ಕಾರಂಜಿ ಇಟ್ಟು ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ನಮ್ಮ ನೆಲದ ಊರುಗಳೇ ಇದಕ್ಕೆ ಪಾಠಶಾಲೆ. ಚಿತ್ರದುರ್ಗದ ಬೆಟ್ಟದಲ್ಲಿ ಮಳೆನೀರು ಮೇಲಿನ ಹೊಂಡ ತುಂಬಿ, ಉಕ್ಕಿದ್ದು ಕೆಳಗಿನ ಹೊಂಡಕ್ಕೆ ಇಳಿದು, ಕೊನೆಗೆ ಸಂತೆಹೊಂಡದವರೆಗೆ ಬರುತ್ತದೆ. ವಿಜಯಪುರಕ್ಕೆ ತೊರವಿಯ ಕಡೆಯಿಂದ ನೆಲದಡಿಯ ಸುರಂಗದಲ್ಲಿ ನೀರು ತಂದರು, ಒತ್ತಡ ತಗ್ಗಿಸಲು ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ಕಟ್ಟಿದರು. ಹಂಪಿಯಲ್ಲಿ ವಿಜಯನಗರದ ಕಾಲದ ತುರ್ತು ಕಾಲುವೆ ಇವತ್ತಿಗೂ ಗದ್ದೆಗೆ ನೀರುಣಿಸುತ್ತಿದೆ. ದೊಡ್ಡ ನದಿಯಿಲ್ಲದ ದಿಣ್ಣೆಯ ಮೇಲೆ ಕುಳಿತ ಬೆಂಗಳೂರು ಕೆರೆ ಕಟ್ಟಿಕೊಂಡೇ ಬದುಕಿತು. ನಾಲ್ಕು ಊರು, ನಾಲ್ಕು ಬೇರೆ ಉತ್ತರ. ನಿಮ್ಮ ಊರಿನ ಉತ್ತರ ಯಾವುದು?

ಉತ್ತರ ಸಿಕ್ಕ ಮೇಲೆ ಮುಖ್ಯ ಪ್ರಶ್ನೆಗೆ ಬನ್ನಿ. ನೀರು ಮೊದಲು ಯಾರಿಗೆ, ಕೊನೆಗೆ ಯಾರಿಗೆ? ಇದನ್ನು ಮೊಟಕು ಮಾಡಬೇಡಿ. ನಮ್ಮ ಊರುಗಳಲ್ಲಿ ಕೆರೆ ಬಾವಿಗಳು ಎಲ್ಲರಿಗೂ ಸೇರಿದ್ದಾಗಿರಲಿಲ್ಲ. ಮಹಾರಾಷ್ಟ್ರದ ಮಹಾಡದಲ್ಲಿ ಚೌದಾರ್ ಕೆರೆಯ ನೀರು ಮುಟ್ಟಲು 1927ರಲ್ಲಿ ಅಂಬೇಡ್ಕರ್ ಅವರು ಸತ್ಯಾಗ್ರಹ ಮಾಡಬೇಕಾಯಿತು. ಬಾವಿಯನ್ನು ಸುಂದರವಾಗಿ ವರ್ಣಿಸಿ, ಅಲ್ಲಿಗೆ ಯಾರು ಬರಬಾರದು ಎಂಬುದನ್ನು ಬಿಟ್ಟರೆ ಆ ಊರಿನ ಅರ್ಧ ಸತ್ಯವನ್ನೇ ಬಿಟ್ಟಂತೆ. ನಿಮ್ಮ ಲೋಕದಲ್ಲಿ ಜಾತಿ ಇಲ್ಲದಿರಬಹುದು. ಆಗಲೂ ಯಾವುದೋ ಒಂದು ಗೆರೆ ಇದ್ದೇ ಇರುತ್ತದೆ. ಅದು ಯಾವುದು ಎಂದು ತೀರ್ಮಾನಿಸಿ.

ಉಪ್ಪುಗಡವಿಗೆ ಬರೋಣ. ಹೊಳೆ ಪಕ್ಕದಲ್ಲೇ ಇದೆ. ಆದರೆ ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಸಮುದ್ರದ ಉಪ್ಪುನೀರು ಇಲ್ಲಿಯವರೆಗೂ ಏರಿ ಬರುತ್ತದೆ. ಆಗ ಸಿಹಿನೀರು ಸಿಗುವುದು ಗುಡ್ಡದ ಒಂದೇ ಒರತೆಯಿಂದ. ಅದರ ಕಾಲುವೆ ಮೊದಲು ಮೇಲಿನ ಬೀದಿಗೆ, ಆಮೇಲೆ ಪೇಟೆಗೆ, ಕೊನೆಗೆ ಹೊಳೆದಂಡೆಯ ಹಮಾಲರ ಕೇರಿಗೆ ಹರಿಯುತ್ತದೆ. ಏಪ್ರಿಲ್ ಹೊತ್ತಿಗೆ ಕೊನೆಯ ತೊಟ್ಟಿಗೆ ಬೆರಳು ಗಾತ್ರದ ನೀರು. ಇನ್ನೂ ಒಂದು ಪಾತ್ರವನ್ನೂ ಹುಟ್ಟಿಸಿಲ್ಲ, ಆದರೆ ಕಥೆ ಆಗಲೇ ಶುರುವಾಗಿದೆ, ಅಲ್ವಾ?

## ಹಂತ 3: ಅನ್ನದ ಲೆಕ್ಕ

ತಲೆಗೆ ದಿನಕ್ಕೆ ಅರ್ಧ ಕಿಲೋ ಧಾನ್ಯ. 20,000 ಜನಕ್ಕೆ 10 ಟನ್. ಒಂದು ಹೇರೆತ್ತು ಸುಮಾರು 100 ಕಿಲೋ ಹೊರುತ್ತದೆ ಎಂದುಕೊಂಡರೆ ದಿನಕ್ಕೆ ನೂರು ಎತ್ತುಗಳು ಬರೀ ಧಾನ್ಯ ಹೊತ್ತು ಊರೊಳಗೆ ಬರಬೇಕು. ಸೌದೆ, ಎಣ್ಣೆ, ಮೇವು ಈ ಲೆಕ್ಕದಲ್ಲಿ ಇಲ್ಲ. ಯಂತ್ರಗಳಿಲ್ಲದ ಲೋಕವಾದರೆ ಪೇಟೆಯ ಒಬ್ಬನ ಹಿಂದೆ ಕನಿಷ್ಠ ನಾಲ್ಕೈದು ಜನ ಹಳ್ಳಿಯಲ್ಲಿ ದುಡಿಯುತ್ತಿರಬೇಕು. ಕೋಟೆ ಬಾಗಿಲು ದಾಟಿದ ಕೂಡಲೇ ದಟ್ಟ ಕಾಡು ಶುರುವಾಗುವ ನಗರಗಳು ನಂಬಿಕೆ ಕಳೆದುಕೊಳ್ಳುವುದು ಇದರಿಂದಲೇ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಏಳು ಸುತ್ತಿನ ಕೋಟೆಯ ಬಗ್ಗೆ ಬರೆದಾಗ, ಹೊರಗಿನ ಸುತ್ತುಗಳ ನಡುವೆ ಹೊಲ, ತೋಟ, ಮನೆಗಳಿದ್ದವು ಎಂದೂ ಬರೆದಿದ್ದಾನೆ.

ಇನ್ನು ಕಾಲಮಾನ. ವರ್ಷದ ಯಾವ ತಿಂಗಳಲ್ಲಿ ಊರಿಗೆ ಕಷ್ಟ ಎಂದು ಗುರುತಿಸಿ. ಶ್ರೀರಂಗಪಟ್ಟಣಕ್ಕೆ ಕಾವೇರಿಯೇ ಕಂದಕ. ಆದರೆ 1799ರ ಮೇ 4ರಂದು, ಮಳೆಗಾಲಕ್ಕೆ ಮೊದಲು, ಹೊಳೆ ಬತ್ತಿದ ಹೊತ್ತಿನಲ್ಲಿ ಬ್ರಿಟಿಷ್ ಸೈನ್ಯ ಅದನ್ನು ಕಾಲ್ನಡಿಗೆಯಲ್ಲೇ ದಾಟಿ ಕೋಟೆಗೆ ನುಗ್ಗಿತು. ಇನ್ನೊಂದು ತಿಂಗಳು ಕಳೆದಿದ್ದರೆ ಹೊಳೆ ಬೇರೆಯೇ ಆಗಿರುತ್ತಿತ್ತು. ಋತು ಇಲ್ಲದ ನಗರ ರಂಗದ ಮೇಲಿನ ಪರದೆಯಂತೆ ಕಾಣುತ್ತದೆ.

ಉಪ್ಪುಗಡವಿನಲ್ಲಿ ಮುಂಗಾರಿನ ಮೂರು ತಿಂಗಳು ದೋಣಿ ನಿಲ್ಲುತ್ತದೆ, ಘಟ್ಟದ ದಾರಿ ಕೆಸರಾಗುತ್ತದೆ. 90 ದಿನಕ್ಕೆ 900 ಟನ್ ಧಾನ್ಯ ಮೊದಲೇ ಕಣಜ ಸೇರಿರಬೇಕು. ಕಣಜದ ಬೀಗದ ಕೈ ಯಾರ ಸೊಂಟದಲ್ಲಿದೆಯೋ ಆ ಮೂರು ತಿಂಗಳು ಊರಿಗೆ ಅವರೇ ದೊರೆ.

## ಹಂತ 4: ಮಾಯೆ ಒಂದೇ ಇರಲಿ, ಅದರ ಪರಿಣಾಮ ಹತ್ತು ಇರಲಿ

ಫ್ಯಾಂಟಸಿ ನಗರದಲ್ಲಿ ಮಾಯೆ ಬೇಕು. ಅದನ್ನು ಇಷ್ಟು ಹೊತ್ತು ತಡೆದು ಹಿಡಿದಿದ್ದಕ್ಕೆ ಕಾರಣ ಇದೆ. ನೀರು, ಅನ್ನ ಗಟ್ಟಿಯಾಗುವ ಮೊದಲೇ ಮಾಯೆ ಬಂದರೆ ಎಲ್ಲ ಕಷ್ಟಕ್ಕೂ ಅದೇ ಔಷಧಿಯಾಗುತ್ತದೆ. ನೀರಿಲ್ಲವೇ, ಮಂತ್ರವಾದಿ ತರಿಸುತ್ತಾನೆ. ಕತ್ತಲೆಯೇ, ಹೊಳೆಯುವ ಕಲ್ಲಿದೆ. ಹಾಗಾದರೆ ಆ ಊರಿನಲ್ಲಿ ಯಾರಿಗೂ ಯಾವ ಚಿಂತೆಯೂ ಇರುವುದಿಲ್ಲ, ಓದುಗರಿಗೂ ಇರುವುದಿಲ್ಲ.

ಒಂದು ನಿಯಮ ಆರಿಸಿಕೊಳ್ಳಿ. ಅದರ ಅಂಚುಗಳನ್ನು ಸ್ಪಷ್ಟವಾಗಿ ಬರೆಯಿರಿ: ಎಲ್ಲಿಯವರೆಗೆ ನಡೆಯುತ್ತದೆ, ಯಾವಾಗ ನಡೆಯುವುದಿಲ್ಲ, ಯಾರಿಗೆ ನಷ್ಟ. ಆಮೇಲೆ ಹಾಳೆಯ ಎಡಕ್ಕೆ ಊರಿನ ಸಾಮಾನ್ಯ ಕೆಲಸಗಳನ್ನು ಪಟ್ಟಿ ಮಾಡಿ. ವ್ಯಾಪಾರ, ನ್ಯಾಯ, ಮದುವೆ, ಅಡುಗೆ, ಕಳ್ಳತನ, ಮಕ್ಕಳ ಆಟ, ಸಾವು. ಪ್ರತಿಯೊಂದರ ಎದುರಿಗೆ ಈ ನಿಯಮದಿಂದ ಏನು ಬದಲಾಯಿತು ಎಂದು ಬರೆಯಿರಿ. ಐದಕ್ಕಿಂತ ಹೆಚ್ಚು ಸಾಲು ಖಾಲಿ ಉಳಿದರೆ ನಿಯಮ ಬರೀ ಅಲಂಕಾರ.

ಉಪ್ಪುಗಡವಿನ ನಿಯಮ ಇದು: ಅಲ್ಲಿ ಬಿಸಿಲಲ್ಲಿ ನಿಂತು ಸುಳ್ಳು ಹೇಳಿದರೆ ನೆರಳು ಮಾಸುತ್ತದೆ.

ಈಗ ಅಂಚುಗಳು. ಬಿಸಿಲಿಗೆ ಮಾತ್ರ. ದೀಪ, ಬೆಳದಿಂಗಳಿಗೆ ಇಲ್ಲ. ಹೇಳುವವನಿಗೆ ಅದು ಸುಳ್ಳೆಂದು ಗೊತ್ತಿರಬೇಕು. ತಪ್ಪು ತಿಳಿದು ಹೇಳಿದರೆ ನೆರಳಿಗೆ ಏನೂ ಆಗುವುದಿಲ್ಲ. ಮಾಸಿದ ನೆರಳು ಸಂಜೆಯ ಹೊತ್ತಿಗೆ ಮರಳಿ ಬರುತ್ತದೆ.

ಪರಿಣಾಮಗಳನ್ನು ಹಿಂಬಾಲಿಸಿ ನೋಡಿ. ನ್ಯಾಯಸ್ಥಾನಕ್ಕೆ ಮಾಡು ಇರುವುದಿಲ್ಲ, ಬಯಲಿನಲ್ಲಿ ಬಿಸಿಲು ಏರಿದ ಮೇಲೆ ಕೂರುತ್ತದೆ. ಅಂಗಡಿಗಳ ಮುಂದೆ ಉದ್ದನೆಯ ಚಪ್ಪರ, ಯಾಕೆಂದರೆ ಚೌಕಾಸಿ ನೆರಳಲ್ಲೇ ನಡೆಯಬೇಕು. "ಬಿಸಿಲಿಗೆ ಬಾ" ಎಂದರೆ ಅದು ಸವಾಲು. ಹೆಣ್ಣು ನೋಡುವ ಶಾಸ್ತ್ರ ಅಂಗಳದಲ್ಲಿ, ನಡುಹಗಲು. ಶ್ರೀಮಂತ ವರ್ತಕರು ಒಂದು ದಾರಿ ಹುಡುಕಿದ್ದಾರೆ: ಬಾಯಾಳುಗಳನ್ನು ಇಟ್ಟುಕೊಳ್ಳುತ್ತಾರೆ. ಬಾಯಾಳಿಗೆ ಮನೆಯೊಳಗೆ ಸುಳ್ಳು ಲೆಕ್ಕವನ್ನೇ ನಿಜವೆಂದು ನಂಬಿಸಿ ಕಳಿಸಲಾಗುತ್ತದೆ. ಅವನು ಪಾಪ, ಮನಸಾರೆ ನಂಬಿ ಬಿಸಿಲಲ್ಲಿ ನಿಂತು ಹೇಳುತ್ತಾನೆ, ನೆರಳು ಕಪ್ಪಗೆ ಹಾಗೇ ಇರುತ್ತದೆ. ಜೀವನವಿಡೀ ತನಗೆ ಯಾರೂ ನಿಜ ಹೇಳದ ಒಂದು ಕಸುಬು. ಈ ಮನುಷ್ಯನ ಮೇಲೆ ಒಂದು ಕಾದಂಬರಿಯನ್ನೇ ಬರೆಯಬಹುದು.

ಮುಂಗಾರಿನ ಮೂರು ತಿಂಗಳು ಬಿಸಿಲೇ ಇರುವುದಿಲ್ಲ. ನ್ಯಾಯಸ್ಥಾನ ಮುಚ್ಚುತ್ತದೆ. ಆಷಾಢದಲ್ಲಿ ಮದುವೆ ಮಾತಿಲ್ಲ, ಅದಕ್ಕೆ ಈ ಊರಿನಲ್ಲಿ ಬೇರೆಯೇ ಕಾರಣ ಇದೆ. ಕಣಜದ ಬೀಗ ಒಬ್ಬರ ಕೈಯಲ್ಲಿರುವುದೂ ಅದೇ ಮೂರು ತಿಂಗಳು. ಹಸಿವಿನ ಕಾಲ ಮತ್ತು ಸುಳ್ಳಿನ ಕಾಲ ಒಂದೇ ಆಯಿತು. ಎರಡನೇ, ಮೂರನೇ ಹಂತದ ಕೆಲಸ ಮೊದಲೇ ಮುಗಿದಿದ್ದರಿಂದ ಈ ಗಂಟು ತಾನಾಗಿ ಬಿತ್ತು. ಕ್ರಮ ಮುಖ್ಯ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

## ಹಂತ 5: ಪೇಟೆ, ಬೀದಿ, ಕೇರಿ

ಈಗ ಗ್ರಾಫ್ ಹಾಳೆ ತೆಗೆಯಿರಿ. ಮೊದಲು ಊರಿನ ಅಳತೆ. ಒತ್ತೊತ್ತಾದ ಹಳೆಯ ಊರಿಗೆ ಎಕರೆಗೆ 60 ಜನ ಎಂದು ಹಿಡಿದರೆ 20,000 ಜನಕ್ಕೆ ಸುಮಾರು 330 ಎಕರೆ. ಚೌಕವಾಗಿ ಹಾಸಿದರೆ ಒಂದು ಬದಿ ಒಂದು ಕಿಲೋಮೀಟರಿಗಿಂತ ತುಸು ಜಾಸ್ತಿ. ಕಾಲು ಗಂಟೆಯಲ್ಲಿ ಈ ತುದಿಯಿಂದ ಆ ತುದಿಗೆ ನಡೆಯಬಹುದು. ಇಂಥ ಊರಿನಲ್ಲಿ ನಾಯಕಿ ಇಡೀ ದಿನ ಕುದುರೆ ಮೇಲೆ ಅಲೆದಳು ಎಂದು ಬರೆದರೆ ಗಮನವಿಟ್ಟು ಓದುವವರು ಅಲ್ಲೇ ಪುಸ್ತಕ ಮುಚ್ಚುತ್ತಾರೆ.

ಮೊದಲು ನೀರಿನ ದಾರಿ ಎಳೆಯಿರಿ. ಆಮೇಲೆ ಸರಕಿನ ದಾರಿ. ಇವೆರಡು ಸೇರುವ ಕಡೆ ಸಂತೆ. ಅಲ್ಲಿಂದ ಕಸುಬುಗಳನ್ನು ಹಂಚಿ. ಚರ್ಮ ಹದ ಮಾಡುವವರು, ಬಣ್ಣ ಹಾಕುವವರು ಹೊಳೆಯ ಕೆಳದಿಕ್ಕಿಗೆ. ಕುಂಬಾರರ ಆವಿಗೆ, ಕಮ್ಮಾರರ ಕುಲುಮೆ ಊರಿನ ಅಂಚಿಗೆ, ಬೆಂಕಿಯ ಭಯಕ್ಕೆ. ಚಿನ್ನ ಬೆಳ್ಳಿಯವರು ಒಳಗೆ, ಕಾವಲು ಹತ್ತಿರ ಇರುವ ಕಡೆ. ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ ಎಂದು ಒಂದು ಬಾಣ ಹಾಕಿಕೊಳ್ಳಿ. ಶ್ರೀಮಂತರು ವಾಸನೆ ಬಾರದ ಕಡೆ ಮನೆ ಕಟ್ಟುತ್ತಾರೆ.

ಬೆಂಗಳೂರಿನ ಹಳೆಯ ಪೇಟೆ ಇದಕ್ಕೆ ಒಳ್ಳೆಯ ಮಾದರಿ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಊರು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಹೆಸರುಗಳೇ ಕಸುಬು ಹೇಳುತ್ತವೆ. ಹೋಗಿ ನಡೆದು ನೋಡಿ. ಒಂದೇ ಸರಕಿನ ಅಂಗಡಿಗಳು ಅಕ್ಕಪಕ್ಕ ಯಾಕಿರುತ್ತವೆ, ಬೀದಿ ಎಷ್ಟು ಅಗಲ, ಒಂದು ಕೈಗಾಡಿ ನಿಂತರೆ ಏನಾಗುತ್ತದೆ ಎಂಬುದು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಅರ್ಥವಾಗುತ್ತದೆ.

ಕಸ ಮತ್ತು ಹೇಲು ಎಲ್ಲಿ ಹೋಗುತ್ತದೆ, ಯಾರು ಹೊರುತ್ತಾರೆ, ಸತ್ತವರನ್ನು ಎಲ್ಲಿಗೆ ಒಯ್ಯುತ್ತಾರೆ ಎಂಬುದನ್ನೂ ನಕ್ಷೆಯಲ್ಲಿ ಗುರುತಿಸಿ. ಮುಜುಗರದಿಂದ ಎಲ್ಲರೂ ಇದನ್ನು ಬಿಡುತ್ತಾರೆ.

ಒಂದು ಸಣ್ಣ ಜಾಗವನ್ನು ವಿಶೇಷವಾಗಿ ಯೋಚಿಸಿ ಇಡಿ. ಓಬವ್ವನ ಕಥೆ ನೆನಪಿಸಿಕೊಳ್ಳಿ. ಗಂಡ ಊಟಕ್ಕೆ ಕುಳಿತಿದ್ದಾನೆ, ಅವಳು ನೀರು ತರಲು ಹೋಗಿದ್ದಾಳೆ, ಬಂಡೆಗಳ ನಡುವೆ ಒಬ್ಬನೇ ತೂರಬಲ್ಲ ಕಿಂಡಿ. ನೀರಿನ ಜಾಗ, ಕಾವಲುಗಾರನ ಊಟದ ಹೊತ್ತು, ಕಿಂಡಿಯ ಅಗಲ, ಮನೆಯಲ್ಲಿದ್ದ ಒನಕೆ. ಈ ನಾಲ್ಕರಲ್ಲಿ ಒಂದು ಬೇರೆಯಾಗಿದ್ದರೂ ಆ ಕಥೆ ಇಲ್ಲ. ನಿಮ್ಮ ಊರಿಗೂ ಇಂಥ ಒಂದು ಕಿಂಡಿ ಬೇಕು.

## ಹಂತ 6: ಮೂರು ಜಗಳ

ಊರಿನಲ್ಲಿ ಅಧಿಕಾರ ಒಬ್ಬರ ಕೈಯಲ್ಲೇ ಇದ್ದರೆ ಕಥೆಗೆ ಜಾಗ ಕಡಿಮೆ. ಕನಿಷ್ಠ ಮೂರು ಗುಂಪು ಇರಲಿ. ಮೂವರಿಗೂ ಒಬ್ಬರು ಇನ್ನೊಬ್ಬರನ್ನು ಬಿಟ್ಟು ಬದುಕಲು ಆಗಬಾರದು. ಉಪ್ಪುಗಡವಿನಲ್ಲಿ ಕಣಜದ ಒಡೆಯರು, ದೋಣಿಯವರು, ಹೇರೆತ್ತಿನವರು. ದೋಣಿಯವರು ಮುಷ್ಕರ ಮಾಡಿದರೆ ಉಪ್ಪು ಬರುವುದಿಲ್ಲ. ಎತ್ತಿನವರು ಬಾರದಿದ್ದರೆ ಬಂದ ಉಪ್ಪು ಮಳೆಗೆ ಕರಗುತ್ತದೆ.

ಪ್ರತಿ ಜಗಳಕ್ಕೂ ಒಂದು ವಸ್ತು ಇರಬೇಕು: ಸುಂಕದ ದರ, ಕಾಲುವೆಯ ಪಾಳಿ, ತೇರು ಯಾವ ಬೀದಿಯಲ್ಲಿ ಮೊದಲು ನಿಲ್ಲಬೇಕು ಎಂಬುದು. "ಒಳ್ಳೆಯವರು ಮತ್ತು ಕೆಟ್ಟವರು" ಎಂಬ ಜಗಳ ಇಲ್ಲಿ ಲೆಕ್ಕಕ್ಕಿಲ್ಲ. ಕೊಳಗ, ಸೇರಿನ ಅಳತೆಯಲ್ಲಿ ಮೋಸ ಆಯಿತೆಂದು ಎದ್ದ ಜಗಳ ಎಲ್ಲರಿಗೂ ಅರ್ಥವಾಗುತ್ತದೆ.

## ಹಂತ 7: ಹಳೆಯ ಪದರಗಳು

ನಿಜವಾದ ಊರು ಒಂದೇ ದಿನ ಹುಟ್ಟಿದ್ದಲ್ಲ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. 1898ರ ಪ್ಲೇಗಿನ ನಂತರ ಇಕ್ಕಟ್ಟಿನ ಪೇಟೆ ಬಿಟ್ಟು ಜನ ಗಾಳಿ ಬೆಳಕಿರುವ ಕಡೆ ಹೋಗಲೆಂದು ಮಲ್ಲೇಶ್ವರ, ಬಸವನಗುಡಿ ಬೆಳೆದವು. ಅಂದರೆ ಅಗಲ ರಸ್ತೆಗಳ ಹಿಂದೆ ಒಂದು ರೋಗ ಇದೆ.

ನಿಮ್ಮ ಊರಿಗೆ ಮೂರು ಪೆಟ್ಟು ಕೊಡಿ: ಒಂದು ಬೆಂಕಿ ಅಥವಾ ನೆರೆ, ಒಂದು ರೋಗ, ಒಂದು ಸೋಲು. ಪ್ರತಿ ಪೆಟ್ಟೂ ಕಣ್ಣಿಗೆ ಕಾಣುವ ಒಂದು ಗುರುತು ಬಿಟ್ಟಿರಬೇಕು. ಅರ್ಧ ಗೋಡೆ, ಎತ್ತರದ ಜಗಲಿ, ಯಾರೂ ಬಾಡಿಗೆಗೆ ಹಿಡಿಯದ ಸಾಲುಮನೆ. ಸಾವಿರ ವರ್ಷದ ವಂಶಾವಳಿ ಬರೆಯುವ ಆಸೆ ಬರುತ್ತದೆ. ಬೇಡ. ಗುರುತು ಬಿಡದ ಇತಿಹಾಸ ಓದುಗರಿಗೆ ತಲುಪುವುದಿಲ್ಲ.

## ಹಂತ 8: ಹೆಸರು ಮತ್ತು ನಕ್ಷೆ

ಇವೆರಡೂ ಈಗ ಬೇಗ ಮುಗಿಯುತ್ತವೆ. ಬೀದಿಗಳಿಗೆ ಕಸುಬಿನಿಂದ, ನೀರಿನಿಂದ, ಹಳೆಯ ಪೆಟ್ಟುಗಳಿಂದ ಹೆಸರಿಡಿ. ಎತ್ತಿನಬೀಡು, ಬೆಂದಕೇರಿ, ಕೊನೆತೊಟ್ಟಿ. ಬಾಯಲ್ಲಿ ತಿರುಗದ ವಿದೇಶಿ ಶಬ್ದಗಳ ಮೊರೆ ಹೋಗಬೇಡಿ. ಕನ್ನಡದ ಕಿವಿಗೆ ಹೊಂದುವ ಹೆಸರು ಕನ್ನಡದಲ್ಲೇ ಬೇಕಾದಷ್ಟಿದೆ. ಜನ ಉದ್ದ ಹೆಸರನ್ನು ಮೊಟಕು ಮಾಡುತ್ತಾರೆ, ಉಪ್ಪುಗಡವನ್ನು ಊರವರು "ಗಡವು" ಎನ್ನುತ್ತಾರೆ, ಅಧಿಕಾರಿಗಳು ಮಾತ್ರ ಪೂರ್ತಿ ಹೇಳುತ್ತಾರೆ.

ನಕ್ಷೆಯನ್ನು ಈಗ ಚೊಕ್ಕವಾಗಿ ಬಿಡಿಸಿ. ಹೊಳೆ ಇಳಿಜಾರಿಗೇ ಹರಿಯುತ್ತಿದೆಯೇ ಎಂದು ನೋಡಿ. ಸಾಮಾನ್ಯವಾಗಿ ಹೊಳೆಗಳು ಕೂಡಿಕೊಳ್ಳುತ್ತವೆ, ಒಡೆಯುವುದು ಸಮುದ್ರದ ಹತ್ತಿರ.

## ಹಂತ 9: ಪುಟದ ಮೇಲೆ ತರುವುದು

ಇಷ್ಟೆಲ್ಲ ಮಾಡಿದವರು ಬೀಳುವ ಹಳ್ಳ ಬೇರೆ ಇದೆ. ಕಷ್ಟಪಟ್ಟು ಮಾಡಿದ್ದನ್ನೆಲ್ಲ ಮೊದಲ ಅಧ್ಯಾಯದಲ್ಲೇ ಸುರಿಯುತ್ತಾರೆ. ನೋಟ್‌ಬುಕ್ಕಿನ ಹತ್ತರಲ್ಲಿ ಒಂದು ಭಾಗ ಕಥೆಗೆ ಬಂದರೆ ಸಾಕು. ಉಳಿದದ್ದು ನೀವು ತಪ್ಪು ಬರೆಯದಂತೆ ಕಾಯುತ್ತದೆ.

ಊರನ್ನು ವರ್ಣಿಸಬೇಡಿ, ಪಾತ್ರಕ್ಕೆ ಒಂದು ಕೆಲಸ ಕೊಟ್ಟು ಊರಿನೊಳಗೆ ಕಳಿಸಿ. ಕೆಲಸಕ್ಕೆ ಅಡ್ಡಿ ಬರಲಿ. ಅಡ್ಡಿ ಬರುವ ಕಡೆಯೆಲ್ಲ ಊರು ಕಾಣಿಸುತ್ತದೆ.

ಹೀಗೆ ಬರೆಯಬೇಡಿ:

"ಉಪ್ಪುಗಡವು ಒಂದು ಪುರಾತನ ನಗರ. ಅಲ್ಲಿ ಸುಳ್ಳು ಹೇಳಿದರೆ ನೆರಳು ಮಾಸುತ್ತಿತ್ತು. ಅಲ್ಲಿನ ಜನ ಉಪ್ಪಿನ ವ್ಯಾಪಾರ ಮಾಡುತ್ತಿದ್ದರು. ಬೇಸಿಗೆಯಲ್ಲಿ ನೀರಿನ ಕೊರತೆ ಇತ್ತು."

ಹೀಗೆ ಬರೆದು ನೋಡಿ:

"ನಾಗಿ ಕೊಡ ಇಳಿಸಿ ಸಾಲಿನಲ್ಲಿ ನಿಂತಳು. ಕೊನೆತೊಟ್ಟಿಗೆ ನೀರು ಇನ್ನೂ ಇಳಿದಿರಲಿಲ್ಲ. ಆಷಾಢಕ್ಕೆ ಒಂಬತ್ತೇ ದಿನ, ಅಕ್ಕಿ ಆಗಲೇ ಸೇರಿಗೆ ಎರಡು ಕಾಸು ಏರಿತ್ತು. 'ಕಣಜದ ಮನೆಯಲ್ಲಿ ಅಕ್ಕಿ ಎಷ್ಟಿದೆ ಅಂತ ನಿಂಗೆ ಗೊತ್ತಾ ಅಕ್ಕಾ?' ಎಂದು ಕೇಳಿದಳು. ಹಿಂದೆ ನಿಂತವಳು ಚಪ್ಪರದ ಕೆಳಗೆ ಒಂದು ಹೆಜ್ಜೆ ಸರಿದಳು. 'ನಂಗೇನು ಗೊತ್ತೇ ತಂಗಿ' ಎಂದಳು."

ಎರಡನೆಯದರಲ್ಲಿ ನಿಯಮವನ್ನು ಯಾರೂ ವಿವರಿಸಲಿಲ್ಲ. ಒಂದು ಹೆಜ್ಜೆ ಸಾಕಾಯಿತು. ಮೊದಲ ಸಲ ಓದುವವರಿಗೆ ಅದು ಅರ್ಥವಾಗದಿದ್ದರೂ ಪರವಾಗಿಲ್ಲ, ಮುಂದಿನ ದೃಶ್ಯದಲ್ಲಿ ಯಾರಾದರೂ "ಬಿಸಿಲಿಗೆ ಬಾ" ಎಂದಾಗ ಥಟ್ಟನೆ ಹೊಳೆಯುತ್ತದೆ. ಓದುಗರ ಮೇಲೆ ಅಷ್ಟು ನಂಬಿಕೆ ಇಡಿ.

ಊರಿನಲ್ಲೇ ಹುಟ್ಟಿ ಬೆಳೆದವರು ಊರನ್ನು ನೋಡಿ ಬೆರಗಾಗುವುದಿಲ್ಲ ಎಂಬುದೂ ನೆನಪಿರಲಿ. ಅವರು ಅದನ್ನು ಬಳಸುತ್ತಾರೆ, ಬೈಯುತ್ತಾರೆ, ಅಡ್ಡದಾರಿ ಹಿಡಿಯುತ್ತಾರೆ. ಬೆರಗು ಬೇಕಾದರೆ ಹೊರಗಿನಿಂದ ಒಬ್ಬರನ್ನು ಕರೆತನ್ನಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವಿಜಯನಗರದ ಮಾರುಕಟ್ಟೆಗಳನ್ನು ಅಷ್ಟು ವಿವರವಾಗಿ ಬರೆದಿಟ್ಟಿದ್ದು ಅವನಿಗೆ ಅದೆಲ್ಲ ಹೊಸತಾಗಿದ್ದರಿಂದ.

## ದಾರಿ ತಪ್ಪಿದ್ದಕ್ಕೆ ಗುರುತುಗಳು

ಕರಡು ಮುಗಿದ ಮೇಲೆ ಒಂದು ವಾರ ಬಿಟ್ಟು ಓದಿ. ಈ ಕೆಳಗಿನವು ಕಂಡರೆ ಆಯಾ ಹಂತಕ್ಕೆ ವಾಪಸ್ ಹೋಗಿ.

ಮಳೆ, ಬಿಸಿಲು, ಹಬ್ಬ ಒಂದೂ ಕಥೆಯ ನಡೆಯನ್ನು ಬದಲಿಸಿಲ್ಲ ಎಂದಾದರೆ ಮೂರನೇ ಹಂತ ಸೊರಗಿದೆ. ಮಾಯೆ ಬರುವುದು ಕಾದಾಟದ ದೃಶ್ಯಗಳಲ್ಲಿ ಮಾತ್ರವೇ? ನಾಲ್ಕನೇ ಹಂತದ ಪಟ್ಟಿ ಖಾಲಿ ಇದೆ ಎಂದರ್ಥ. ಎಲ್ಲ ಪಾತ್ರಗಳೂ ಎಲ್ಲ ಕಡೆ ಸಲೀಸಾಗಿ ಹೋಗಿಬರುತ್ತಿದ್ದರೆ ಊರಿನಲ್ಲಿ ಗೆರೆಗಳೇ ಇಲ್ಲ, ಎರಡನೇ ಮತ್ತು ಐದನೇ ಹಂತ ಮತ್ತೆ ನೋಡಬೇಕು. ಯಾರೂ ದುಡ್ಡಿನ ಮಾತಾಡುತ್ತಿಲ್ಲ, ಯಾವುದಕ್ಕೂ ಬೆಲೆ ಇಲ್ಲ ಎಂದರೆ ಆರನೇ ಹಂತ.

ಎಲ್ಲಕ್ಕಿಂತ ಖಚಿತವಾದ ಪರೀಕ್ಷೆ ಇನ್ನೊಂದಿದೆ. ನಿಮ್ಮ ಕಥೆಯನ್ನು ಬೇರೆ ಯಾವುದೋ ಊರಿಗೆ ಎತ್ತಿ ಇಡಲು ಪ್ರಯತ್ನಿಸಿ. ಹೆಸರು ಬದಲಿಸಿದರೆ ಸಾಕು, ಉಳಿದದ್ದೆಲ್ಲ ಹಾಗೇ ನಡೆಯುತ್ತದೆ ಎಂದಾದರೆ ಒಂದನೇ ಹಂತದ ವಾಕ್ಯವನ್ನು ಹೊಸದಾಗಿ ಬರೆಯಿರಿ. ಹಳೆಯ ನಕ್ಷೆಯನ್ನು ಎತ್ತಿಟ್ಟು, ಖಾಲಿ ಹಾಳೆಯಲ್ಲಿ ಮತ್ತೆ ನೀರಿನ ಗೆರೆಯಿಂದ ಶುರು ಮಾಡಿ.